ನನಗಿಂತ ಮೊದಲು ಇದನ್ನು ಓದಿದವರು ಯಾರು?

ಪುಸ್ತಕ ಬರೆಯುವುದು ಕಷ್ಟ, ಬರೆದದ್ದನ್ನು ಅಚ್ಚು ಹಾಕಿಸುವುದು ಅದಕ್ಕಿಂತ ಕಷ್ಟ ಎನ್ನುವ ಕಾಲವೊಂದಿತ್ತು. ಹಸ್ತಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಪ್ರಕಾಶಕರ ಬಾಗಿಲು ಕಾಯುವುದು, ಮೊಳೆ ಜೋಡಿಸುವವರ ಬಿಡುವಿಗಾಗಿ ತಿಂಗಳುಗಟ್ಟಲೆ ಕಾಯುವುದು, ಮೂರು ಬಾರಿ ಕರಡು ತಿದ್ದುವುದು, ಇವೆಲ್ಲ ಲೇಖಕನ ಹಣೆಬರಹಕ್ಕೆ ಸೇರಿದ ಸಂಗತಿಗಳಾಗಿದ್ದವು. ಇಂದು ಬೆಳಗಿನ ಕಾಫಿಯ ಹೊತ್ತಿಗೆ ಕಡತವೊಂದನ್ನು ಅಂತರಜಾಲಕ್ಕೇರಿಸಿದರೆ ಒಂದೆರಡು ದಿನಗಳಲ್ಲಿ ಅದು ಪುಸ್ತಕವಾಗಿ ಜಗತ್ತಿನ ಎದುರು ನಿಲ್ಲುತ್ತದೆ. ಯಾರ ಅಪ್ಪಣೆಯೂ ಬೇಕಿಲ್ಲ. ಬರೆಯುವವರ ಪಾಲಿಗೆ ಇದು ದೊಡ್ಡ ಬಿಡುಗಡೆ. ಓದುವವರ ಪಾಲಿಗೆ ಏನು ಎಂಬುದೇ ಈ ಲೇಖನದ ಪ್ರಶ್ನೆ.

ಅಮೆರಿಕದಲ್ಲಿ ಪುಸ್ತಕಗಳಿಗೆ ಐಎಸ್‌ಬಿಎನ್ ನೀಡುವ ಬೌಕರ್ ಸಂಸ್ಥೆಯ ಲೆಕ್ಕದಂತೆ, 2018ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ ಲೇಖಕರೇ ಪ್ರಕಟಿಸಿಕೊಂಡ ಪುಸ್ತಕಗಳ ಸಂಖ್ಯೆ 16 ಲಕ್ಷವನ್ನು ದಾಟಿತ್ತು. ಆ ಸಂಖ್ಯೆಯನ್ನೇ ಪಡೆಯದೆ ಬರಿಯ ಇ-ಪುಸ್ತಕಗಳಾಗಿ ಬಂದವು ಈ ಲೆಕ್ಕದ ಹೊರಗೆ ಉಳಿದವು. ಈಗ ಇನ್ನೊಂದು ಲೆಕ್ಕ. ಆಯುಷ್ಯವನ್ನು ಎಣಿಸುವುದು ವೈದ್ಯರಿಗೆ ವೃತ್ತಿಸಹಜ ಅಭ್ಯಾಸ. ನಾನು ಐವತ್ತು ದಾಟಿದವನು. ಆಸ್ಪತ್ರೆಯ ಕೆಲಸ, ಮನೆ, ನಿದ್ರೆ ಕಳೆದು ಉಳಿಯುವ ಹೊತ್ತಿನಲ್ಲಿ ತಿಂಗಳಿಗೆ 2 ಪುಸ್ತಕ ಮುಗಿಸಬಲ್ಲೆ. ವರ್ಷಕ್ಕೆ 24. ಕಣ್ಣು ಮತ್ತು ಮೆದುಳು ಇನ್ನು 25 ವರ್ಷ ಕೈಹಿಡಿದರೆ 600 ಪುಸ್ತಕ. ಅಷ್ಟೇ. ಎರಡು ಬೀರುಗಳಲ್ಲಿ ಹಿಡಿಸಿಬಿಡುವಷ್ಟು. ಒಂದು ಕಡೆ ಲಕ್ಷಗಳ ಪ್ರವಾಹ, ಇನ್ನೊಂದು ಕಡೆ ಈ 600ರ ಬೊಗಸೆ. ಯಾವುದನ್ನು ಓದಬೇಕು ಎನ್ನುವುದು ಹಾಗಾಗಿ ಅಭಿರುಚಿಯ ವಿಲಾಸವಾಗಿ ಉಳಿದಿಲ್ಲ. ಆಯುಷ್ಯದ ಖರ್ಚುವೆಚ್ಚದ ಪ್ರಶ್ನೆಯಾಗಿದೆ.

ನಾನಿರುವ ಮೌಂಟನ್ ವ್ಯೂ ಈ ಚರ್ಚೆಗೆ ಹೇಳಿ ಮಾಡಿಸಿದ ಊರು. ಗೂಗಲ್‌ನ ಕೇಂದ್ರ ಇಲ್ಲಿಯೇ ಇದೆ. ಜಗತ್ತು ಏನನ್ನಾದರೂ ಹುಡುಕಿದಾಗ ಉತ್ತರಗಳನ್ನು ಸಾಲಾಗಿ ನಿಲ್ಲಿಸಿಕೊಡುವ ಊರು ಎನ್ನಬಹುದು. ಸ್ವಯಂಪ್ರಕಾಶನದ ಅತ್ಯಂತ ಪ್ರಸಿದ್ಧ ಕತೆಗಳಲ್ಲೊಂದು ನಡೆದದ್ದೂ ಇದೇ ಊರಿನಲ್ಲಿ. ಆಂಡಿ ವಿಯರ್ ಎಂಬ ತಂತ್ರಾಂಶ ಪರಿಣತರು ಇಲ್ಲಿ ವಾಸವಾಗಿದ್ದಾಗ, ಮಂಗಳ ಗ್ರಹದಲ್ಲಿ ಒಂಟಿಯಾಗಿ ಉಳಿದುಹೋದ ಗಗನಯಾತ್ರಿಯೊಬ್ಬನ ಕತೆಯನ್ನು ಅಧ್ಯಾಯ ಅಧ್ಯಾಯವಾಗಿ ತಮ್ಮ ಸ್ವಂತ ಜಾಲತಾಣದಲ್ಲಿ ಬಿಟ್ಟಿಯಾಗಿ ಪ್ರಕಟಿಸುತ್ತಿದ್ದರು. ಅವರ ಹಿಂದಿನ ಬರವಣಿಗೆಗೆ ಸಾಹಿತ್ಯದ ಏಜೆಂಟರು ಒಲಿದಿರಲಿಲ್ಲ. ಓದುಗರೇ ಒತ್ತಾಯಿಸಿದ್ದರಿಂದ 2011ರಲ್ಲಿ ಅದನ್ನು ಕಿಂಡಲ್ ಅಂಗಡಿಗೆ ಏರಿಸಿದರು. ಬೆಲೆ 99 ಸೆಂಟ್. ಅದಕ್ಕಿಂತ ಕಡಿಮೆ ಇಡಲು ಅಲ್ಲಿ ಅವಕಾಶವಿರಲಿಲ್ಲ. 2014ರಲ್ಲಿ ಕ್ರೌನ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಅದನ್ನು ಹೊರತಂದಿತು. 2015ರಲ್ಲಿ ರಿಡ್ಲಿ ಸ್ಕಾಟ್ ಅದನ್ನು ಚಲನಚಿತ್ರವಾಗಿಸಿದರು. 'ದಿ ಮಾರ್ಷಿಯನ್' ಎಂಬ ಆ ಹೆಸರು ಈಗ ಮಕ್ಕಳಿಗೂ ಗೊತ್ತು.

ಈ ಕತೆಯನ್ನು ಸಾಮಾನ್ಯವಾಗಿ ಪ್ರಕಾಶಕರ ಸೋಲಾಗಿ, ಒಂಟಿ ಲೇಖಕನ ಗೆಲುವಾಗಿ ಹೇಳುತ್ತಾರೆ. ನನಗೆ ಇದರಲ್ಲಿ ಬೇರೊಂದು ಪಾಠ ಕಾಣುತ್ತದೆ. ಕಿಂಡಲ್‌ಗೆ ಬರುವ ಮೊದಲೇ ಆ ಪುಸ್ತಕವನ್ನು ಜನ ಓದಿದ್ದರು. ಓದಿದವರಲ್ಲಿ ವಿಜ್ಞಾನಿಗಳು, ಎಂಜಿನಿಯರುಗಳು ಇದ್ದರು. ರಸಾಯನಶಾಸ್ತ್ರದ ಲೆಕ್ಕ ತಪ್ಪಿದ ಕಡೆ ಅವರು ಲೇಖಕರಿಗೆ ಬರೆದು ತಿಳಿಸಿದರು, ಲೇಖಕರು ತಿದ್ದಿದರು. ಎಂದರೆ 99 ಸೆಂಟ್ ಕೊಟ್ಟ ಮೊದಲ ಗಿರಾಕಿಯ ಕೈಸೇರಿದ್ದು ಅನೇಕರ ಕಣ್ಣಿನಡಿ ಹಾದು ಬಂದ ಪುಸ್ತಕ. ಪ್ರಕಾಶಕರು ಇರಲಿಲ್ಲ, ನಿಜ. ಆದರೆ ಪ್ರಕಾಶಕರ ಮನೆಯಲ್ಲಿ ನಡೆಯಬೇಕಾದ ಕೆಲಸ ನಡೆದಿತ್ತು. ಅದನ್ನು ಓದುಗರು ಮಾಡಿಕೊಟ್ಟಿದ್ದರು.

ತನ್ನ ಪುಸ್ತಕವನ್ನು ತಾನೇ ಅಚ್ಚು ಹಾಕಿಸುವುದು ಕೀಳು ಎಂಬ ಭಾವನೆ ಕೆಲವರಲ್ಲಿ ಇಂದಿಗೂ ಇದೆ. ಕನ್ನಡಿಗರಾದ ನಮಗೆ ಈ ಭಾವನೆ ಸಲ್ಲದು. ನಮ್ಮ ಆಧುನಿಕ ಸಾಹಿತ್ಯದ ಅಡಿಪಾಯದಲ್ಲಿಯೇ ಸ್ವಯಂಪ್ರಕಾಶನದ ಕಲ್ಲುಗಳಿವೆ. 'ಸದ್ಬೋಧ ಚಂದ್ರಿಕೆ' ಪತ್ರಿಕೆಯನ್ನು ನಡೆಸಿದ, ಐತಿಹಾಸಿಕ ಕಾದಂಬರಿಗಳ ಗಳಗನಾಥರು ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟು ತಮ್ಮ ಪುಸ್ತಕಗಳನ್ನು ತಾವೇ ಮುದ್ರಿಸಿ ಪ್ರಕಟಿಸಿದರು. ಜಿ.ಪಿ. ರಾಜರತ್ನಂ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಓದುಗರ ಕೈಗಿಟ್ಟರು. ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳ ಮೇಲೆ ನಾವು ಕಾಣುವ 'ಪುಸ್ತಕ ಪ್ರಕಾಶನ' ಎಂಬ ಹೆಸರು ಅವರ ಮನೆಯದೇ. ಅಮೆರಿಕದಲ್ಲಿಯೂ ವಾಲ್ಟ್ ವಿಟ್ಮನ್ 1855ರಲ್ಲಿ ತಮ್ಮ ಕವನ ಸಂಕಲನವನ್ನು ಸ್ವಂತ ಖರ್ಚಿನಲ್ಲಿ ಹೊರತಂದರು. ಅಷ್ಟೇ ಅಲ್ಲ, ಹೆಸರು ಮರೆಸಿಕೊಂಡು ತಮ್ಮ ಪುಸ್ತಕದ ವಿಮರ್ಶೆಯನ್ನೂ ತಾವೇ ಬರೆದು ಹೊಗಳಿಕೊಂಡರು! ಇಂದಿನ ಐದು ನಕ್ಷತ್ರದ ಹುಸಿ ಪ್ರಶಂಸೆಗಳಿಗೆ ಇಷ್ಟು ದೊಡ್ಡ ಪೂರ್ವಜರಿದ್ದಾರೆ.

ಪ್ರಕಾಶಕನ ಹೆಸರು ನೋಡಿ ಪುಸ್ತಕವನ್ನು ಒಪ್ಪುವುದೂ ತಳ್ಳುವುದೂ ಹಾಗಾಗಿ ಸರಿಯಾದ ಅಳತೆಗೋಲಲ್ಲ. ಗಳಗನಾಥರ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ವ್ಯತ್ಯಾಸ ಬೇರೆಡೆ ಇದೆ. ಹೊಸಿಲಲ್ಲಿ ನಿಂತು ಪುಸ್ತಕ ಮಾರುವ ಲೇಖಕ ಮುಂದಿನ ವರ್ಷ ಮತ್ತೆ ಅದೇ ಹೊಸಿಲಿಗೆ ಬರಬೇಕಿತ್ತು. ಪುಸ್ತಕ ಚೆನ್ನಾಗಿಲ್ಲದಿದ್ದರೆ ಮನೆಯೊಡೆಯ ಮುಖಕ್ಕೆ ಹೇಳುತ್ತಿದ್ದ. ಎರಡನೆಯ ಪುಸ್ತಕವನ್ನು ಕೊಳ್ಳುತ್ತಿರಲಿಲ್ಲ. ಮಾರುವವನ ಮುಖ ಓದುಗನಿಗೆ ಗೊತ್ತಿತ್ತು, ಓದುಗನ ಮುಖ ಮಾರುವವನಿಗೆ ಗೊತ್ತಿತ್ತು. ಆ ಪರಿಚಯವೇ ಜರಡಿಯಾಗಿ ಕೆಲಸ ಮಾಡುತ್ತಿತ್ತು.

ಇಂಥ ಜರಡಿಗಳು ಕನ್ನಡದಲ್ಲಿ ಹಲವಿದ್ದವು. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯನ್ನೇ ನೋಡಿ. ಓದುಗರು ಚಂದಾದಾರರಾಗಿ ಮುಂಗಡ ಹಣ ಕೊಡುತ್ತಿದ್ದರು. ಯಾವ ಪುಸ್ತಕ ಬರುತ್ತದೆಂದು ಅವರಿಗೆ ತಿಳಿದಿರುತ್ತಿರಲಿಲ್ಲ. ಆರಿಸುವವರು ಯಾರೆಂದು ತಿಳಿದಿತ್ತು. ಗ್ರಂಥಮಾಲೆಯ ಅಟ್ಟದ ಮೇಲೆ ಕೀರ್ತಿನಾಥ ಕುರ್ತಕೋಟಿಯವರಂಥವರು ಕೂತು ಓದಿ, ವಾದಿಸಿ ಆರಿಸಿದ್ದು ದೂರದ ಊರಿನ ಮೇಷ್ಟರ ಮನೆಗೆ ಅಂಚೆಯಲ್ಲಿ ತಲಪುತ್ತಿತ್ತು. ಆಗಿನ್ನೂ ಹೊಸಬರಾಗಿದ್ದ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಬಂದದ್ದು ಈ ಮಾಲೆಯಿಂದಲೇ. ನಿಯತಕಾಲಿಕೆಗಳ ಧಾರಾವಾಹಿಗಳು ಇನ್ನೊಂದು ಜರಡಿ. 1965ರಲ್ಲಿ 'ಸುಧಾ', 1968ರಲ್ಲಿ 'ಮಯೂರ' ಆರಂಭವಾದ ಮೇಲೆ ಅದೆಷ್ಟೋ ಕತೆ, ಕಾದಂಬರಿಗಳು ಪುಸ್ತಕವಾಗುವ ಮುನ್ನವೇ ಸಾವಿರಾರು ಮನೆಗಳಲ್ಲಿ ಓದಿಸಿಕೊಂಡವು. ಮೌಂಟನ್ ವ್ಯೂನಲ್ಲಿ ಜಾಲತಾಣದ ಮೂಲಕ ನಡೆದದ್ದು ನಮ್ಮಲ್ಲಿ ವಾರಪತ್ರಿಕೆ ಮತ್ತು ವಾಚಕರ ಪತ್ರಗಳ ಮೂಲಕ ಅದಕ್ಕೂ ಎಷ್ಟೋ ಮುಂಚೆ ನಡೆಯುತ್ತಿತ್ತು.

ಜರಡಿ ಹರಿದದ್ದಕ್ಕೆ ಅಂತರಜಾಲವೊಂದನ್ನೇ ದೂರಿದರೆ ಅನ್ಯಾಯವಾದೀತು. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ನಂತರ ಬೆಳೆದ ಸಗಟು ಖರೀದಿ ಪ್ರಕಾಶಕರಿಗೆ ದೊಡ್ಡ ಆಸರೆಯಾಯಿತು. ಅದರಿಂದ ಒಳ್ಳೆಯ ಪುಸ್ತಕಗಳು ಹಳ್ಳಿ ಸೇರಿದ್ದೂ ಹೌದು. ಆದರೆ ನೂರಾರು ಪ್ರತಿಗಳನ್ನು ಸರಕಾರವೇ ಕೊಳ್ಳುತ್ತದೆ ಎಂದಾದಾಗ, ಓದುಗನೊಬ್ಬನೂ ಬೇಡವೆಂದರೂ ಪುಸ್ತಕ ಖರ್ಚಾಗುವ ದಾರಿಯೊಂದು ತೆರೆಯಿತು. ಮುನ್ನುಡಿಯ ಕತೆಯೂ ಹೀಗೆಯೇ. ಹಿರಿಯರೊಬ್ಬರು ಹೊಸಬನ ಬರೆಹವನ್ನು ಪೂರ್ತಿ ಓದಿ, ಗುಣ ಹೇಳಿ, ದೋಷವನ್ನೂ ಸೂಚಿಸುವ ಜಾಮೀನುಪತ್ರವಾಗಿ ಹುಟ್ಟಿದ್ದು ಕ್ರಮೇಣ ಸೌಜನ್ಯದ ಸರ್ಟಿಫಿಕೇಟಾಯಿತು. ಬೆನ್ನುಡಿಯ ಮೇಲಿನ ಹೊಗಳಿಕೆಯನ್ನು ಒಂದು ಪುಸ್ತಕದಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಿದರೂ ಯಾರಿಗೂ ತಿಳಿಯದ ಸ್ಥಿತಿ ಇದೆ.

ಹೊರನಾಡಿನಲ್ಲಿರುವ ನಮಗೆ ಈ ತೊಡಕು ಎರಡು ಪಟ್ಟು. ಇಂಗ್ಲಿಷ್ ಪುಸ್ತಕಕ್ಕೆ ಇಲ್ಲಿ ದಾರಿ ತೋರುವವರಿದ್ದಾರೆ. ಕ್ಯಾಸ್ಟ್ರೊ ಬೀದಿಯ ಬುಕ್ಸ್ ಇಂಕ್‌ನಂಥ ಅಂಗಡಿಯ ಕಪಾಟುಗಳಲ್ಲಿ, ಓದಿ ಮೆಚ್ಚಿದ ಸಿಬ್ಬಂದಿಯ ಶಿಫಾರಸುಗಳನ್ನು ಪುಸ್ತಕದ ಪಕ್ಕದಲ್ಲಿಯೇ ಇಡುವ ಪದ್ಧತಿಯುಂಟು. ಫ್ರಾಂಕ್ಲಿನ್ ಬೀದಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿದರೆ ಉತ್ತರಿಸುವ ಗ್ರಂಥಪಾಲಕರಿದ್ದಾರೆ. ಕನ್ನಡ ಪುಸ್ತಕಕ್ಕೆ? ಬೆಂಗಳೂರಿನ ಗಾಂಧಿನಗರದಲ್ಲೋ ಬಸವನಗುಡಿಯಲ್ಲೋ ನಿಂತು, ಎರಡು ಪುಟ ಓದಿ, ಇಟ್ಟು, ಮತ್ತೊಂದನ್ನು ತೆಗೆದು ನೋಡುವ ಭಾಗ್ಯ ಎರಡು ವರ್ಷಕ್ಕೊಮ್ಮೆ, ಅದೂ ಒಂದು ಮಧ್ಯಾಹ್ನದ ಮಟ್ಟಿಗೆ. ಕೊಂಡದ್ದನ್ನು ಸೂಟ್‌ಕೇಸಿನ ತೂಕದೊಳಗೆ, ಸಾಂಬಾರಪುಡಿ ಉಪ್ಪಿನಕಾಯಿಗಳ ನಡುವೆ ಹೊಂದಿಸಬೇಕು. 2016ರ ಕೊನೆಯಲ್ಲಿ ಅಮೆಜಾನ್ ಕಿಂಡಲ್ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಹೋದವು. ಕನ್ನಡ ಹೊರಗೇ ನಿಂತಿತು. ಕನ್ನಡದ ಇ-ಪುಸ್ತಕಗಳು ಗೂಗಲ್ ಪ್ಲೇ ಬುಕ್ಸ್, 2020ರಲ್ಲಿ ಆರಂಭವಾದ ಮೈಲ್ಯಾಂಗ್ ಮೊದಲಾದ ದಾರಿಗಳಿಂದ ನಮ್ಮನ್ನು ತಲಪಿದವು. ಈಗ ಪುಸ್ತಕ ಸಿಗುತ್ತದೆ. ಕೈಗೆತ್ತಿಕೊಳ್ಳಬೇಕಾದದ್ದು ಯಾವುದು ಎಂದು ಹೇಳುವವರು ಸಿಗುವುದಿಲ್ಲ.

ಇದರ ಜೊತೆಗೆ ನಮ್ಮವರೇ ಬರೆದ ಪುಸ್ತಕಗಳು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಿಂದ ಇದೆ. ಆ ತಲೆಮಾರಿನ ಅನೇಕರು ಈಗ ನಿವೃತ್ತರು. ಹಳ್ಳಿಯ ಬಾಲ್ಯ, ಮೊದಲ ಹಿಮ, ಮಕ್ಕಳ ಭಾಷೆ ಬದಲಾದ ಬಗೆ, ತಾಯಿಯ ಕೊನೆಯ ಫೋನ್ ಕರೆ, ಇವುಗಳನ್ನೆಲ್ಲ ಬರೆದು, ಬೆಂಗಳೂರಿನಲ್ಲಿ ಐನೂರು ಪ್ರತಿ ಅಚ್ಚು ಹಾಕಿಸಿ, 'ವಿಶ್ವಾಸದಿಂದ' ಎಂದು ಸಹಿ ಮಾಡಿ ನಮ್ಮ ಕೈಗಿಡುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಲೇಖಕರಿಗೆಂದೇ ಹುಟ್ಟಿರಬೇಕು. ಮುಂದಿನ ಹಬ್ಬದ ಊಟದಲ್ಲಿ ಅವರ ಪಕ್ಕದಲ್ಲಿಯೇ ಕೂರಬೇಕಾದ ನಾವು, ಚೆನ್ನಾಗಿದೆ ಎನ್ನುತ್ತೇವೆ. ಎಲ್ಲಕ್ಕೂ ಚೆನ್ನಾಗಿದೆ ಎನ್ನುತ್ತೇವೆ. ಪರಿಣಾಮವಾಗಿ ನಿಜವಾಗಿ ಚೆನ್ನಾಗಿರುವ ಪುಸ್ತಕಕ್ಕೆ ಹೇಳಲು ಮಾತೇ ಉಳಿಯುವುದಿಲ್ಲ. ವಲಸೆಯ ಮೊದಲ ತಲೆಮಾರಿನ ಅನುಭವ ಮತ್ತೊಮ್ಮೆ ಬರೆಯಲ್ಪಡುವುದಿಲ್ಲ. ಆ ರಾಶಿಯಲ್ಲಿ ಒಂದೆರಡು ಅಪೂರ್ವ ಪುಸ್ತಕಗಳಿದ್ದು, ನಮ್ಮ ಸೌಜನ್ಯದ ಗದ್ದಲದಲ್ಲಿ ಅವು ಕಳೆದುಹೋದರೆ ನಷ್ಟ ಲೇಖಕರಿಗಷ್ಟೇ ಅಲ್ಲ.

ಸಾಹಿತ್ಯದಲ್ಲಿ ತಪ್ಪು ಆಯ್ಕೆಯಿಂದ ಒಂದು ಸಂಜೆ ಹಾಳಾಗಬಹುದು. ಆರೋಗ್ಯದ ಪುಸ್ತಕಗಳಲ್ಲಿ ಜೀವಕ್ಕೇ ಕುತ್ತು. ಮಧುಮೇಹವನ್ನು ಕೆಲವೇ ವಾರಗಳಲ್ಲಿ ಬೇರುಸಹಿತ ಕಿತ್ತೊಗೆಯುವ ಭರವಸೆಯ ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಡುವ ರೋಗಿಗಳನ್ನು ನಾನು ಆಗಾಗ ಕಾಣುತ್ತೇನೆ. ಮುಖಪುಟದ ಮೇಲೆ ಬಿಳಿ ಕೋಟಿನ ಚಿತ್ರ, ಒಳಗೆ ಸಾವಿರ ಪ್ರಶಂಸೆಗಳ ಉಲ್ಲೇಖ. ಬರೆದವರು ಯಾರು, ಎಲ್ಲಿ ಕೆಲಸ ಮಾಡಿದವರು, ಬೇರೆ ಯಾರು ಇದನ್ನು ಪರಿಶೀಲಿಸಿದರು ಎಂಬುದಕ್ಕೆ ಉತ್ತರವಿಲ್ಲ. ಕೊನೆಯ ಪುಟದಲ್ಲಿ ಮಾತ್ರ ಲೇಖಕರೇ ಮಾರುವ ಪುಡಿಯ ವಿಳಾಸ. 2023ರ ಬೇಸಿಗೆಯಲ್ಲಿ, ಕಾಡಿನ ಅಣಬೆಗಳನ್ನು ಗುರುತಿಸಿ ತಿನ್ನುವುದು ಹೇಗೆಂದು ಹೇಳುವ, ಯಂತ್ರವೇ ಬರೆದಂತಿದ್ದ ಪುಸ್ತಕಗಳು ಅಮೆಜಾನ್‌ನಲ್ಲಿ ಕಾಣಿಸಿಕೊಂಡಾಗ ನ್ಯೂಯಾರ್ಕಿನ ಅಣಬೆ ತಜ್ಞರ ಸಂಘ ಎಚ್ಚರಿಕೆ ನೀಡಬೇಕಾಯಿತು. ವಿಷದ ಅಣಬೆಗೂ ಊಟದ ಅಣಬೆಗೂ ನಡುವೆ ಕೆಲವೊಮ್ಮೆ ಕೂದಲೆಳೆಯ ಅಂತರ. ತಪ್ಪಿದರೆ ಯಕೃತ್ತು ಉಳಿಯುವುದಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆಜಾನ್, ಲೇಖಕರೊಬ್ಬರು ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಪುಸ್ತಕ ಏರಿಸುವಂತಿಲ್ಲ ಎಂಬ ಮಿತಿ ಹಾಕಿತು. ದಿನಕ್ಕೆ ಮೂರು! ಹತ್ತು ವರ್ಷಕ್ಕೆ ಮೂರು ಪುಸ್ತಕ ಬರೆದ ನಮ್ಮ ಹಿರಿಯರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ.

ನಕ್ಷತ್ರಗಳನ್ನು ನೋಡಿ ಆರಿಸಬಾರದೇ ಎಂದು ಕೇಳುವವರಿದ್ದಾರೆ. ಯಾವ ವೈದ್ಯನೂ ನಕ್ಷತ್ರ ಎಣಿಸಿ ಔಷಧ ಬರೆಯುವುದಿಲ್ಲ. ಯಾರ ಮೇಲೆ ಪ್ರಯೋಗಿಸಿದರು, ಎಷ್ಟು ಜನರ ಮೇಲೆ, ಖರ್ಚು ಕೊಟ್ಟವರು ಯಾರು ಎಂದು ಕೇಳುತ್ತಾನೆ. ನಕ್ಷತ್ರಕ್ಕೂ ಅದೇ ಪ್ರಶ್ನೆ ಅನ್ವಯಿಸುತ್ತದೆ. ಓದುಗರ ಅಭಿಪ್ರಾಯಕ್ಕೆಂದೇ ಹುಟ್ಟಿದ ಗುಡ್‌ರೀಡ್ಸ್ ಅನ್ನು 2013ರಲ್ಲಿ ಅಮೆಜಾನ್ ಕೊಂಡುಕೊಂಡಿತು. ತೂಗುವವರೂ ಮಾರುವವರೂ ಒಂದೇ ಮನೆಯವರಾದರು. ಹುಸಿ ವಿಮರ್ಶೆಗಳ ಹಾವಳಿ ಎಷ್ಟಾಯಿತೆಂದರೆ, 2024ರಲ್ಲಿ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗ ಅವುಗಳ ಮಾರಾಟ ಮತ್ತು ಖರೀದಿಯನ್ನು ನಿಷೇಧಿಸುವ ನಿಯಮವನ್ನೇ ತಂದಿತು. ನಕ್ಷತ್ರ ನಿಜವಾದರೂ ಅದು ಹೇಳುವುದು ಅಪರಿಚಿತರ ಸರಾಸರಿಯನ್ನು. ಸರಾಸರಿ ಮನುಷ್ಯನಿಗೆ ಚಿಕಿತ್ಸೆ ಕೊಡಲು ಬರುವುದಿಲ್ಲ, ಎದುರಿಗೆ ಕೂತ ಮನುಷ್ಯನಿಗೆ ಕೊಡಬೇಕು ಎಂಬುದು ನಮ್ಮ ವೃತ್ತಿಯ ಮೊದಲ ಪಾಠಗಳಲ್ಲೊಂದು.

ಹಾಗಾದರೆ ಓದುಗ ಮಾಡಬೇಕಾದದ್ದೇನು? ಯಾವ ಪುಸ್ತಕವನ್ನು ಕೈಗೆತ್ತಿಕೊಂಡರೂ ನಾನು ಕೇಳುವ ಪ್ರಶ್ನೆ ಒಂದೇ: ನನಗಿಂತ ಮೊದಲು ಇದನ್ನು ಓದಿದವರು ಯಾರು? ಪ್ರಕಾಶಕ ದೊಡ್ಡವನೋ ಸಣ್ಣವನೋ ಎಂಬುದು ಆಮೇಲಿನ ಮಾತು. ಮೊದಲು ಕೃತಜ್ಞತೆಯ ಪುಟವನ್ನು ತೆರೆಯುತ್ತೇನೆ. ಹಸ್ತಪ್ರತಿ ಓದಿ ತಿದ್ದಿದವರ ಹೆಸರುಗಳಿದ್ದರೆ ಅದು ಒಳ್ಳೆಯ ಲಕ್ಷಣ. ಬಿಡುಗಡೆ ಮಾಡಿದ ಗಣ್ಯರ ಹೆಸರುಗಳಷ್ಟೇ ಇದ್ದರೆ ಅನುಮಾನ. ಆಮೇಲೆ ಪುಸ್ತಕದ ನಡುವಿನ ಒಂದು ಪುಟವನ್ನು ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಮೊದಲ ಪುಟವನ್ನು ಎಲ್ಲರೂ ತಿದ್ದಿರುತ್ತಾರೆ. ನೂರ ಮೂವತ್ತನೆಯ ಪುಟವನ್ನು ತಿದ್ದಿದವನು ನಿಜವಾದ ಲೇಖಕ. ವಿಮರ್ಶೆಗಳಲ್ಲಿ ಪೂರ್ಣ ಹೊಗಳಿಕೆಯನ್ನೂ ಪೂರ್ಣ ತೆಗಳಿಕೆಯನ್ನೂ ಬಿಟ್ಟು, ಮೆಚ್ಚಿದ್ದರ ಜೊತೆಗೆ ಒಪ್ಪದ್ದನ್ನೂ ಹೇಳಿದವರ ಮಾತನ್ನು ಹುಡುಕುತ್ತೇನೆ. ಆರೋಗ್ಯದ ಪುಸ್ತಕವಾದರೆ ಕೊನೆಯ ಪುಟವನ್ನೇ ಮೊದಲು ನೋಡುತ್ತೇನೆ: ಮಾರಲು ಬೇರೇನಾದರೂ ಇದೆಯೇ ಎಂದು.

ಇದು ಒಬ್ಬೊಬ್ಬರೇ ಮಾಡುವ ಕೆಲಸ. ಕೂಡಿ ಮಾಡಿದರೆ ಇನ್ನೂ ಹಗುರ. ನಮ್ಮ ಸುತ್ತಿನ ಏಳೆಂಟು ಮನೆಗಳವರು ತಿಂಗಳಿಗೊಮ್ಮೆ ಸೇರಿ ಒಂದು ಕನ್ನಡ ಪುಸ್ತಕವನ್ನು ಚರ್ಚಿಸುತ್ತೇವೆ. ಎರಡೇ ನಿಯಮ. ಪುಸ್ತಕವನ್ನು ಸೂಚಿಸುವವರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿರಬೇಕು. ಸೂಚಿಸುವಾಗಲೇ ಅದರ ಒಂದು ಕೊರತೆಯನ್ನು ಹೇಳಬೇಕು. ಈ ಎರಡನೆಯ ನಿಯಮದಿಂದ ಆದ ಲಾಭ ದೊಡ್ಡದು. ಕೊರತೆ ಹೇಳಲು ಅನುಮತಿ ಸಿಕ್ಕಿದ ಕೂಡಲೇ ಜನ ಹೊಗಳುವುದನ್ನೂ ನಿಜವಾಗಿ ಹೊಗಳತೊಡಗಿದರು. ನಮ್ಮವರೇ ಬರೆದ ನೆನಪಿನ ಪುಸ್ತಕವೊಂದನ್ನು ಹೀಗೆ ಚರ್ಚಿಸಿದಾಗ, ಲೇಖಕಿಗೆ ನೋವಾದೀತೆಂಬ ಅಂಜಿಕೆ ಎಲ್ಲರಲ್ಲೂ ಇತ್ತು. ಆಕೆ ಹೇಳಿದ್ದು ಇಷ್ಟು: "ಇಷ್ಟು ಜನ ಪೂರ್ತಿ ಓದಿದ್ದೀರಿ ಎಂದು ಇವತ್ತು ಗೊತ್ತಾಯಿತು."

ಲೇಖಕರಿಗೂ ಇದರಲ್ಲಿ ಒಂದು ಸೂಚನೆ ಇದೆ. ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿಕೊಂಡ ವಸುಧೇಂದ್ರ ಅವರ 'ಛಂದ ಪುಸ್ತಕ' ಅಲ್ಲಿಗೇ ನಿಲ್ಲಲಿಲ್ಲ. ಹೊಸ ಕತೆಗಾರರಿಗಾಗಿ ಹಸ್ತಪ್ರತಿ ಸ್ಪರ್ಧೆ ಏರ್ಪಡಿಸಿ, ತೀರ್ಪುಗಾರರಿಂದ ಓದಿಸಿ, ಗೆದ್ದದ್ದನ್ನು ಪುಸ್ತಕವಾಗಿಸುವ ಪದ್ಧತಿಯನ್ನು ಬೆಳೆಸಿತು. ಸ್ವಯಂಪ್ರಕಾಶನವೂ ಜರಡಿಯೂ ಒಂದೇ ಮನೆಯಲ್ಲಿ ಬಾಳಬಹುದು ಎಂಬುದಕ್ಕೆ ಇದು ಸಾಕ್ಷಿ. ಎಲ್ಲರೂ ಸ್ಪರ್ಧೆ ನಡೆಸಬೇಕಿಲ್ಲ. ಅಚ್ಚಿಗೆ ಕಳಿಸುವ ಮುನ್ನ, ತಮ್ಮ ಬಗ್ಗೆ ಭಯವಾಗಲಿ ದಾಕ್ಷಿಣ್ಯವಾಗಲಿ ಇಲ್ಲದ ಮೂವರಿಗೆ ಹಸ್ತಪ್ರತಿ ಕೊಟ್ಟು, ಅವರು ಬೇಸತ್ತ ಪುಟಗಳಿಗೆ ಗುರುತು ಹಾಕಲು ಹೇಳಿದರೆ ಸಾಕು.

ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದ, ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ ಅವರು ನಾಲ್ಕನೆಯ ಸೂತ್ರವನ್ನು ಓದುಗನ ಸಮಯಕ್ಕೆ ಮೀಸಲಿಟ್ಟರು. ಪುಸ್ತಕಗಳು ವಿರಳವಾಗಿದ್ದ ದೇಶದಲ್ಲಿ, ವಿರಳ ಕಾಲದಲ್ಲಿ ಅವರು ಹಾಗೆ ಯೋಚಿಸಿದರು. ಸಮೃದ್ಧಿಯ ಕಾಲದಲ್ಲಿ ಆ ಹೊಣೆ ಗ್ರಂಥಪಾಲಕರ ಮೇಜಿನಿಂದ ಇಳಿದು ನಮ್ಮೆಲ್ಲರ ಹೆಗಲಿಗೆ ಬಂದಿದೆ. ಓದಿ ಮುಗಿಸಿದ ಪುಸ್ತಕದ ಬಗ್ಗೆ, ಅದನ್ನು ಓದಬಹುದಾದ ಒಬ್ಬರಿಗೆ, ನಿಮ್ಮ ಹೆಸರಿನಲ್ಲಿ, ನಾಲ್ಕು ನಿಜವಾದ ಸಾಲು ಬರೆಯಿರಿ: ಏನು ಇಷ್ಟವಾಯಿತು, ಎಲ್ಲಿ ಎಡವಿದೆ, ಯಾರಿಗೆ ತಕ್ಕುದು. ಅವರ ಬೊಗಸೆಯಲ್ಲೂ ಕೆಲವೇ ನೂರು ಪುಸ್ತಕಗಳಿಗೆ ಜಾಗವಿರುತ್ತದೆ. ಅದರಲ್ಲಿ ಒಂದನ್ನು ಸರಿಯಾಗಿ ತುಂಬಿಕೊಟ್ಟರೆ ಅದೇನೂ ಸಣ್ಣ ಉಪಕಾರವಲ್ಲ.